ಕತ್ತರಿ ಯಾರ ಕೈಯಲ್ಲಿತ್ತು

ಮಾರ್ಚ್ 3, ಸೋಮವಾರ

ಈ ಮನೆಯ ಹಿರಿಯಳು ನಾನು. ಉಡುಪು ಕಾರ್ಖಾನೆಯ ಕತ್ತರಿ ವಿಭಾಗದಲ್ಲಿ ಮೂವತ್ತೊಂದು ವರ್ಷ. ಅದರಲ್ಲಿ ಇಪ್ಪತ್ತೆರಡು ವರ್ಷ ಮೇಲ್ವಿಚಾರಕಿ. ಹೈಸ್ಕೂಲು ಪಾಸು. ಕೈಕೆಳಗೆ ನಲವತ್ತೆರಡು ಜನ ಇದ್ದರು. ಈಗ ನಾಲ್ಕು ಜನ. ಗಂಡ, ಮಗ, ಸೊಸೆ, ಮೊಮ್ಮಗಳು. ಆ ನಲವತ್ತೆರಡು ಜನರನ್ನು ನಡೆಸುವುದು ಸುಲಭವಿತ್ತು.

ಕಾರ್ಖಾನೆಯಲ್ಲಿ ದಿನಾ ಪಾಳಿಯ ವರದಿ ಬರೆಯುತ್ತಿದ್ದೆ. ಆ ಚಾಳಿ ಹೋಗಿಲ್ಲ. ಅದಕ್ಕೇ ಈ ಹೊಸ ನೋಟ್‌ಬುಕ್. ಓದುವವರು ಯಾರೂ ಇಲ್ಲ, ಸಹಿ ಹಾಕುವವರೂ ಇಲ್ಲ.

ಇಂದಿನ ವರದಿ: ಐದಕ್ಕೆ ಎದ್ದೆ. ಒಗೆದೆ, ಒಣಹಾಕಿದೆ, ಗುಡಿಸಿದೆ, ಒರೆಸಿದೆ. ದಿಂಬಿನ ಕವರು ಇಸ್ತ್ರಿ. ಅಡುಗೆಮನೆಯ ಒರೆಸುವ ಬಟ್ಟೆಗಳಿಗೂ ಇಸ್ತ್ರಿ. ಗಡಿಯಾರ ನೋಡಿದರೆ ಒಂಬತ್ತೂವರೆ. ಇನ್ನು ಮಲಗುವವರೆಗೆ ಏನು ಮಾಡುವುದು...

ಊಟದ ಮೇಜಿನ ಮೇಲೆ ಇವರ ಚಿತ್ರದ ತುಂಡುಗಳು. ಸಾವಿರ ತುಂಡು ಜೋಡಿಸಿದರೆ ಒಂದು ಬಂದರಿನ ಚಿತ್ರವಂತೆ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಈಗ ದಿನಕ್ಕೆ ಹತ್ತು ತುಂಡು ಜೋಡಿಸಿ ಎದೆ ಉಬ್ಬಿಸುತ್ತಾರೆ. ನಾವು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಊಟ ಮಾಡುತ್ತೇವೆ.

ಮಾರ್ಚ್ 4

ಇವರು ಮಾಳಿಗೆಯಲ್ಲಿ ಗಿಡಗಳ ಜೊತೆ ಮಾತಾಡುತ್ತಿದ್ದರು. ಕೈ ಸುಮ್ಮನಿರಲಿಲ್ಲ. ಆಕಾಶದಲ್ಲಿ ಒಂದು ಖಾಲಿ ಜಾಗ ಕಂಡಿತು, ಒಂದು ನೀಲಿ ತುಂಡು ಹಾಕಿದೆ. ಸ್ವಲ್ಪ ಒತ್ತಬೇಕಾಯಿತು. ಕೂತಿತು.

ಇದರಲ್ಲಿ ಅಂಥ ವಿದ್ಯೆಯೇನಿಲ್ಲ.

ಮಾರ್ಚ್ 6

ನಾನು ಹಾಕಿದ ತುಂಡು ಇಲ್ಲ.

"ಇಲ್ಲಿದ್ದದ್ದು ಎಲ್ಲಿ?"

"ಯಾವುದು?"

"ಆಕಾಶದ್ದು. ನಾನು ಹಾಕಿದ್ದು."

"ಗಾಳಿಗೆ ಹಾರಿರಬೇಕು ಕಣೆ."

ಕಿಟಕಿ ಮುಚ್ಚಿತ್ತು. ಇನ್ನೊಂದು ಹಾಕಿದೆ. ಅವರು ನೋಡುತ್ತಿರುವಾಗಲೇ.

ಮಾರ್ಚ್ 7, ಶುಕ್ರವಾರ

ನಿವೃತ್ತರ ಸಂಘಕ್ಕೆ ಹೋಗಿದ್ದೆ. ಲೈಬ್ರರಿಯ ಹಿಂದಿನ ಹಾಲ್. ದಿನಾ ನಾಲ್ಕಕ್ಕೆ ಸೇರುತ್ತಾರೆ. ಒಂದು ಮೂಲೆಯಲ್ಲಿ ಕೇರಂ, ಇನ್ನೊಂದರಲ್ಲಿ ಹಾಡು, ನಡುವೆ ಯಾರ ಮಂಡಿ ಎಷ್ಟು ನೋಯುತ್ತದೆ ಎಂಬ ಸ್ಪರ್ಧೆ. ನನಗೆ ಅಲ್ಲಿ ಕಾಲು ಗಂಟೆಗಿಂತ ಹೆಚ್ಚು ಕೂರಲಾಗುವುದಿಲ್ಲ.

ಇಂದು ಎರಡು ಗಂಟೆ ಕೂತೆ. ಕಾರಣ ಇದೆ. ಇಪ್ಪತ್ತೊಂಬತ್ತಕ್ಕೆ ಸಂಘದ ನಾಟಕ. ವೇದಿಕೆಯ ಪರದೆ ಇಲಿ ಕಡಿದು ಚಿಂದಿ. ಯಾರೋ ಪುಣ್ಯಾತ್ಮರು ಒಂದು ದೊಡ್ಡ ಸುರುಳಿ ಮಖಮಲ್ಲು ಕೊಟ್ಟಿದ್ದಾರೆ, ದಟ್ಟ ಕೆಂಪು. ಕಾರ್ಯದರ್ಶಿ ಹಿಂದೆ ಪೋಸ್ಟ್ ಮಾಸ್ಟರ್ ಆಗಿದ್ದವರು, ಈಗಲೂ ಎಲ್ಲರಿಗೂ ಪೋಸ್ಟ್ ಮಾಸ್ಟರೇ. ಅವರು ಅದನ್ನು ಅಂಗಡಿಗೆ ಕೊಡೋಣ ಎಂದರು.

"ನಾನು ಬದುಕಿರುವಾಗ ಅಂಗಡಿಗೆ ಯಾಕೆ?" ಎಂದೆ.

"ಅಲ್ಲಮ್ಮ, ದೊಡ್ಡ ಕೆಲಸ, ಎಂಟು ಪಟ್ಟಿ ಕತ್ತರಿಸಬೇಕು. ನಿಮಗೆ ಯಾಕೆ ತೊಂದರೆ ಅಂತ..."

"ತೊಂದರೆ ಅಂದರೆ ಏನು ಅಂತ ಮನೇಲಿ ಸುಮ್ಮನೆ ಕೂತು ನೋಡಿ. ಒಂದು ಬೆರಳು ತಪ್ಪಿದರೂ ಕತ್ತರಿ ಕೆಳಗಿಡ್ತೀನಿ. ಮತ್ತೆ ಮುಟ್ಟಲ್ಲ."

ಇಪ್ಪತ್ತು ಜನರ ಎದುರು ಹೇಳಿದೆ. ಹೇಳಿದ್ದು ಸರಿಯೇ. ಆ ಕತ್ತರಿ ನನ್ನದು, ಹತ್ತು ಇಂಚಿನದು, ಮೇಲ್ವಿಚಾರಕಿಯಾದ ದಿನ ಕೈಗೆ ಬಂದದ್ದು. ಈ ಮನೆಯಲ್ಲಿ ಬೇರೆ ಯಾರೂ ಮುಟ್ಟಿಲ್ಲ.

ಹೊಲಿಗೆಯನ್ನು ಗುಂಡಿಗೆ ಒಪ್ಪಿಸಿದರು. ಗುಂಡಿ ಎಂದರೆ ಆ ಹೆಂಗಸಿನ ಅಡ್ಡಹೆಸರು. ನಮ್ಮ ಕಾರ್ಖಾನೆಯವಳೇ, ಹದಿನೇಳು ವರ್ಷ ಗುಂಡಿ ಹೊಲಿದಳು. ಅವಳೂ ಸಂಘಕ್ಕೆ ಬರುತ್ತಾಳೆ. ಬಂದರೆ ನನ್ನಿಂದ ಮೂರು ಕುರ್ಚಿ ಆಚೆ ಕೂರುತ್ತಾಳೆ.

ಮಾರ್ಚ್ 10

ಸಕ್ಕರೆ ಡಬ್ಬಿಯ ಕೆಳಗೆ ಒಂದು ಕಾರ್ಡು. ಕಣ್ಣಾಸ್ಪತ್ರೆಯದು. ಸೊಸೆ ಇಟ್ಟದ್ದು. ಎದುರಿಗೆ ಹೇಳುವ ಧೈರ್ಯವಿಲ್ಲ, ಸಕ್ಕರೆಯ ಕೈಲಿ ಹೇಳಿಸುತ್ತಾಳೆ.

"ಇದೇನು?"

"ಏನಿಲ್ಲ ಅತ್ತೆ, ನನ್ನ ಜೊತೆ ಕೆಲಸ ಮಾಡೋರು ಕೊಟ್ಟರು. ಒಳ್ಳೆ ಡಾಕ್ಟರಂತೆ. ಸುಮ್ಮನೆ ಒಂದು ಸಲ..."

"ನಿನ್ನೆ ಪಾತ್ರೆಯ ತಳದಲ್ಲಿ ಮಸಿ ಬಿಟ್ಟಿದ್ದೆ ನೀನು. ಅದು ಕಂಡಿತಲ್ಲ ನನಗೆ."

ಬಾಯಿ ಮುಚ್ಚಿಕೊಂಡು ಆಫೀಸಿಗೆ ಹೋದಳು.

ಟ್ಯೂಬ್‌ಲೈಟು ಹಳೆಯದಾಗಿದೆ, ಅದಕ್ಕೇ ಸಂಜೆ ಎಲ್ಲ ಮಂಜು ಮಂಜು. ಮಗನಿಗೆ ಎರಡು ಸಲ ಹೇಳಿದ್ದೇನೆ. ಎರಡು ಸಲವೂ ಹೊಸದು ಹಾಕಿದ. ಈಗಿನ ಟ್ಯೂಬ್‌ಗಳೇ ಸರಿಯಿಲ್ಲ.

ಕಾರ್ಡನ್ನು ಈ ನೋಟ್‌ಬುಕ್ಕಿನ ಪುಟಕ್ಕೆ ಗುರುತಾಗಿ ಇಟ್ಟುಕೊಂಡೆ. ಅಷ್ಟಕ್ಕಾದರೂ ಬರಲಿ.

ಮಾರ್ಚ್ 14, ಶುಕ್ರವಾರ. ಸಂಜೆ ಆರು

ಎಂಟೂ ಪಟ್ಟಿ ಕತ್ತರಿಸಿದೆ. ಬೆನ್ನು ಮುರಿದಿದೆ. ಎಷ್ಟು ದಿನಗಳ ಮೇಲೆ ಹಸಿವಾಯಿತು.

ಹಾಲ್‌ನಲ್ಲಿ ಆರು ಮೇಜು ಸೇರಿಸಿ ಹಾಕಿಸಿದೆ. ಪೋಸ್ಟ್ ಮಾಸ್ಟರಿಗೆ ಬಟ್ಟೆ ಹಿಡಿಯುವ ಕೆಲಸ. ಬೆಳಿಗ್ಗೆ ನಾಲ್ಕು ಪಟ್ಟಿ, ಎಡಗಡೆಯ ಪರದೆಗೆ. ಊಟದ ಮೇಲೆ ನಾಲ್ಕು, ಬಲಗಡೆಗೆ. ನಡುವೆ, ಊಟದ ಹೊತ್ತಿಗೇ ಬಂದ ಕೇರಂನವರು ಜಾಗವಿಲ್ಲ ಎಂದು ಗೊಣಗಿದರು. ಪೋಸ್ಟ್ ಮಾಸ್ಟರು ಸುರುಳಿಯನ್ನು ಮೇಜಿನ ಆ ತುದಿಗೆ ಹೊತ್ತು ಹಾಕಿದರು. ನನಗೇನು, ಈ ತುದಿಯಾದರೂ ಅಷ್ಟೆ, ಆ ತುದಿಯಾದರೂ ಅಷ್ಟೆ.

ಜನ ಸುತ್ತ ನಿಂತು ನೋಡುತ್ತಿದ್ದರು. ಅವರಿಗೆ ಗೊತ್ತಾಗಲಿ ಎಂದು ಹೇಳಿದೆ. ಮಖಮಲ್ಲಿಗೆ ರೋಮ ಇರುತ್ತದೆ, ಬೆಕ್ಕಿನ ಬೆನ್ನಿನ ಹಾಗೆ. ಒಂದು ಕಡೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ಬಣ್ಣವೂ ಅದರ ಮೇಲೆ ನಿಂತಿದೆ. ರೋಮ ಕೆಳಮುಖವಾದರೆ ಒಂದು ಕೆಂಪು, ಮೇಲ್ಮುಖವಾದರೆ ಇನ್ನೊಂದು. ಅದಕ್ಕೇ ಪ್ರತಿ ತುಂಡಿನ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬಾಣ ಹಾಕಬೇಕು, ರೋಮ ಎತ್ತ ಅಂತ. ಬಾಣ ಎಲ್ಲಾ ಒಂದೇ ದಿಕ್ಕಿಗಿರಬೇಕು.

ಆಮೇಲೆ ಹನ್ನೊಂದು ಕೋಟುಗಳ ಕಥೆ ಹೇಳಿದೆ. ಒಂದು ವಾದ್ಯತಂಡಕ್ಕೆ ಮಖಮಲ್ಲಿನ ಕೋಟು. ಕತ್ತರಿಸಿದವಳು ರೋಮ ನೋಡಲಿಲ್ಲ. ಹನ್ನೊಂದು ಕೋಟಿಗೂ ಮೈ ಒಂದು ಬಣ್ಣ, ತೋಳು ಇನ್ನೊಂದು ಬಣ್ಣ. ಅವಳ ಕೈಯಿಂದ ಕತ್ತರಿ ಅವತ್ತೇ ಕಿತ್ತುಕೊಂಡೆ, ಗುಂಡಿ ಹೊಲಿಯುವ ಸಾಲಿಗೆ ಕಳಿಸಿದೆ. ಎಲ್ಲ ನಕ್ಕರು. ಹೆಸರು ಹೇಳಲಿಲ್ಲ ನಾನು.

ಗುಂಡಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಎಡಗಡೆಯದು ಮುಗಿಸಿ ಬಲಗಡೆಯ ಪಟ್ಟಿಗಳನ್ನು ಆಗಲೇ ಕೂಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಬಾಣಗಳೆಲ್ಲ ಒಂದೇ ದಿಕ್ಕಿಗೆ ಹಾಕಿದ್ದೇನೆ. ಬಾಗಿಲ ಕಡೆಗೆ.

ಮಾರ್ಚ್ 15

ನಿದ್ದೆ ಚೆನ್ನಾಗಿ ಬಂತು. ಇಂದು ಏನೂ ಕೆಲಸವಿಲ್ಲ. ಕಪಾಟು ಇಳಿಸಿ ಮತ್ತೆ ಜೋಡಿಸಿದೆ.

ಮಾರ್ಚ್ 19, ಬುಧವಾರ

ಪರದೆ ಏರಿಸಿದರು. ಇವರನ್ನೂ ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗಿದ್ದೆ. ವೇದಿಕೆಯ ದೀಪ ಹಾಕಿದರು. ಎರಡೂ ಪರದೆ ಬಂದು ನಡುವೆ ಕೂಡಿದವು.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನೋಡಿ ಬಾಯಿ ಕಟ್ಟಿತು ಎಂದುಕೊಂಡೆ.

ಪೋಸ್ಟ್ ಮಾಸ್ಟರು ಕನ್ನಡಕ ತೆಗೆದು ಒರೆಸಿದರು. "ಬಹಳ... ಬಹಳ ಗಾಂಭೀರ್ಯ ಬಂತಮ್ಮ" ಎಂದರು. ಸೊಸೆ "ಚೆನ್ನಾಗಿದೆ ಅತ್ತೆ" ಎಂದಳು. ಮೊಮ್ಮಗಳು ಏನೋ ಹೇಳಲು ಬಾಯಿ ತೆರೆದಳು, ಸೊಸೆ ಅವಳ ಭುಜ ಹಿಡಿದಳು. ಆಮೇಲೆ ಅವಳೂ "ಸೂಪರ್ ಅಜ್ಜಿ" ಎಂದಳು.

ಇವರು ಪರದೆಯ ಹಗ್ಗವನ್ನು ಹೊಗಳಿದರು.

ಗುಂಡಿ ಹತ್ತಿರ ಬಂದಳು. "ತುಂಬ ಚೆನ್ನಾಗಿ ಬಂದಿದೆ ಮೇಡಂ. ನಿಮ್ಮ ಕೈ ನಿಮ್ಮ ಕೈಯೇ" ಎಂದಳು.

ಮಾರ್ಚ್ 20

ಬೆಳಿಗ್ಗೆಯಿಂದ ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗಾಡುತ್ತಿದ್ದೇನೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಹಾಲು ಉಕ್ಕಿತು, ನೋಡುತ್ತಲೇ ನಿಂತಿದ್ದೆ.

ಗುಂಡಿ ಹೊಗಳಿದಳು.

ಆ ಹೆಂಗಸು ನನ್ನನ್ನು ಹೊಗಳಿದವಳಲ್ಲ. ಸ್ಟೂಲಿನ ಮೇಲೆ ನಿಲ್ಲಿಸಿ ನನಗೆ ಪ್ರಶಸ್ತಿ ಕೊಟ್ಟ ದಿನವೂ "ಸ್ಟೂಲು ಗಟ್ಟಿಯಾಗಿತ್ತಾ" ಎಂದು ಕೇಳಿದವಳು. ಸುಮ್ಮಸುಮ್ಮನೆ ಒಳ್ಳೆಯ ಮಾತಾಡುವ ಜಾತಿಯಲ್ಲ ಅದು. ಯಾಕೆ ಹೊಗಳಿದಳು?

ಇವರ ಚಿತ್ರದಲ್ಲಿ ನಾನು ಹಾಕಿದ ಎರಡನೆಯ ತುಂಡೂ ಇಲ್ಲ.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ ಒಂಬತ್ತು

ಗುಡಿಸುವವಳು ಹಾಲ್ ಬಾಗಿಲು ತೆಗೆಯುವ ಹೊತ್ತಿಗೆ ಹೋದೆ. ಚೀಲ ಮರೆತಿದ್ದೇನೆ ಎಂದೆ. ಅವಳು ಕೇಳಿರಲಿಲ್ಲ.

ವೇದಿಕೆ ಹತ್ತಿದೆ. ಪರದೆ ಮುಚ್ಚಿತ್ತು. ದೂರದಿಂದ ನೋಡಿದೆ, ಹತ್ತಿರದಿಂದ ನೋಡಿದೆ. ಎರಡೂ ಕೆಂಪು. ಎರಡೂ ಮಂಜು.

ಕಣ್ಣು ಮುಚ್ಚಿ ಎಡಗಡೆಯದನ್ನು ಮೇಲಿಂದ ಕೆಳಗೆ ಸವರಿದೆ. ಮಲಗಿದ ಬೆಕ್ಕು.

ಬಲಗಡೆಯದನ್ನು ಸವರಿದೆ. ಅಂಗೈಗೆ ಎದುರು ಎದ್ದಿತು. ಮತ್ತೆ ಸವರಿದೆ. ನಾಲ್ಕೂ ಪಟ್ಟಿ. ಕೈಗೆಟುಕುವ ಎತ್ತರದಿಂದ ಬುಡದವರೆಗೆ.

ಬಲಗಡೆಯ ಪರದೆ ಪೂರ್ತಿ ತಲೆಕೆಳಗು.

ಸುರುಳಿ ಆ ತುದಿಗೆ ಹೋದಾಗ ಬಟ್ಟೆ ಎದುರು ದಿಕ್ಕಿನಿಂದ ಬಿಚ್ಚಿಕೊಂಡಿತು. ನಾನು ಬಾಣ ಹಾಕಿದ್ದು ಬಾಗಿಲು ನೋಡಿಕೊಂಡು. ಬಟ್ಟೆ ಸವರಲಿಲ್ಲ. ಕಥೆ ಹೇಳುತ್ತಿದ್ದೆ.

ಮಾರ್ಚ್ 24, ಸೋಮವಾರ

ಎರಡು ದಿನ ಬರೆಯಲಿಲ್ಲ. ಸಂಘಕ್ಕೂ ಹೋಗಲಿಲ್ಲ. ಮಂಡಿನೋವು ಎಂದು ಹೇಳಿ ಕಳಿಸಿದೆ.

ಯೋಚಿಸಿದ್ದನ್ನೆಲ್ಲ ಬರೆದುಬಿಡುತ್ತೇನೆ. ಮೊದಲು ಯೋಚಿಸಿದ್ದು: ಪೋಸ್ಟ್ ಮಾಸ್ಟರು. ಸುರುಳಿ ತಿರುಗಿಸಿದ್ದು ಅವರು. ಅವರಿಗೆ ಯಾರು ಹೇಳಿದ್ದರು ಮುಟ್ಟಲು? ಇಪ್ಪತ್ತು ಜನ ಸಾಕ್ಷಿ ಇದ್ದಾರೆ. ಹೋಗಿ ಕೇಳಿದರೆ ಮುಗಿಯಿತು, ನನ್ನ ಮಾತೂ ಉಳಿಯುತ್ತದೆ.

ಹೀಗೆ ಮನಸ್ಸಿನಲ್ಲೇ ಅವರಿಗೆ ಬೈಯುತ್ತಾ ಪಾತ್ರೆ ಉಜ್ಜುತ್ತಿದ್ದೆ. ಆಗ ಗುಂಡಿಯ ದನಿ ನೆನಪಿಗೆ ಬಂತು. ಹತ್ತೊಂಬತ್ತು ವರ್ಷದ ಹಿಂದಿನ ದನಿ. ಹನ್ನೊಂದು ಕೋಟು ಮೇಜಿನ ಮೇಲಿದ್ದವು. ಅವಳು ಎದುರಿಗೆ ನಿಂತಿದ್ದಳು. "ಮೇಡಂ, ಊಟಕ್ಕೆ ಹೋಗಿ ಬರೋವಷ್ಟರಲ್ಲಿ ಸುರುಳಿ..." ಎಂದಳು.

ಮುಗಿಸಲು ಬಿಡಲಿಲ್ಲ ನಾನು. "ಕತ್ತರಿ ಯಾರ ಕೈಯಲ್ಲಿತ್ತು?" ಎಂದೆ. ಅಷ್ಟೇ ಕೇಳಿದ್ದು. ಇಡೀ ವಿಭಾಗ ಕೇಳುವಂತೆ.

ಸುರುಳಿ ತಿರುಗಿಸಿದ್ದು ಯಾರು ಅಂತ ಇವತ್ತಿನವರೆಗೂ ನನಗೆ ಗೊತ್ತಿಲ್ಲ.

ಅದೇ ದಿನ, ಮಧ್ಯಾಹ್ನ ಮೂರು

ಇವರನ್ನು ಕೇಳಿದೆ. "ಪರದೆ ಎರಡು ಬಣ್ಣ ಅಂತ ನಿಮಗೆ ಗೊತ್ತಿತ್ತಾ?"

"ಮೂವತ್ತು ವರ್ಷ ಬಸ್ಸು ಓಡಿಸಿದ್ದೀನಿ. ಬಣ್ಣ ತಿಳಿಯದೇ ಹೋಗಿದ್ದರೆ ಸಿಗ್ನಲ್‌ನಲ್ಲಿ ಏನು ಮಾಡ್ತಿದ್ದೆ?"

"ಹೇಳಬಾರದಿತ್ತಾ?"

"ಹೇಳಿದ್ದರೆ ಊಟ ಯಾರು ಹಾಕ್ತಿದ್ದರು?"

ನಗಲಿಲ್ಲ ನಾನು. ಅವರು ಎದ್ದು ಹೋಗಿ ಒಂದು ಬೆಂಕಿಪೆಟ್ಟಿಗೆ ತಂದು ಕೈಯಲ್ಲಿಟ್ಟರು. ಒಳಗೆ ಎರಡು ನೀಲಿ ತುಂಡು. ಎರಡೂ ಸಮುದ್ರದ್ದಂತೆ. ಆಕಾಶದಲ್ಲಿ ಒತ್ತಿ ಕೂರಿಸಿದ್ದೆ.

"ಮೂಲೆ ಸ್ವಲ್ಪ ಮುರಿದಿದೆ. ಅಂಟಿಸ್ತೀನಿ" ಎಂದರು.

ಇದು ಎಷ್ಟು ದಿನದಿಂದ ನಡೆದಿದೆ ಎಂದು ಕೇಳಬೇಕೆನಿಸಿತು. ಇಸ್ತ್ರಿ ಸರಿಯಿದೆಯೇ, ನೆಲ ಸರಿಯಾಗಿ ಒರೆಸುತ್ತೇನೆಯೇ, ನನ್ನ ಹಿಂದೆ ಸೊಸೆ ಮತ್ತೆ ಒರೆಸುತ್ತಾಳೆಯೇ. ಕೇಳಲಿಲ್ಲ. ಹೂಂ ಎಂದುಬಿಟ್ಟರೆ ಕಷ್ಟ.

ಮಾರ್ಚ್ 25, ಮಂಗಳವಾರ. ಸಂಜೆ ಏಳು

ನಾಲ್ಕಕ್ಕೆ ಹೋದೆ. ಕತ್ತರಿಗೆ ಎಣ್ಣೆ ಹಾಕಿ, ಒರೆಸಿ, ಚೀಲದಲ್ಲಿಟ್ಟುಕೊಂಡು ಹೋದೆ. ನಾಟಕದವರು ಮಾತು ಒಪ್ಪಿಸುತ್ತಿದ್ದರು. ಕೇರಂ ನಡೆಯುತ್ತಿತ್ತು. ಎಲ್ಲರೂ ಇದ್ದರು. ಎಲ್ಲರೂ ಇರಲಿ ಎಂದೇ ಆ ಹೊತ್ತು.

"ಬಲಗಡೆಯ ಪರದೆ ತಲೆಕೆಳಗಾಗಿದೆ" ಎಂದೆ. "ಕತ್ತರಿಸಿದ್ದು ನಾನು."

ಕೇರಂ ನಿಂತಿತು.

ಪೋಸ್ಟ್ ಮಾಸ್ಟರು ಎದ್ದು ಬಂದರು. "ಅಯ್ಯೋ, ಬಿಡಿಯಮ್ಮ, ಅದು ಅಷ್ಟೇನೂ ಕಾಣಲ್ಲ. ದೀಪದ ದೋಷ ಅಂತ ಅಂದುಕೊಂಡಿದ್ದೆವು. ಮತ್ತೆ ಆ ಸುರುಳಿ ಅವತ್ತು ನಾನೇ..."

"ಕತ್ತರಿ ಯಾರ ಕೈಯಲ್ಲಿತ್ತು?"

ಈ ಮಾತು ಎಷ್ಟು ಚೂಪಾಗಿದೆ ಎಂದು ಎದುರು ನಿಂತವರಿಗೆ ಮಾತ್ರ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಆಡುವ ಬಾಯಿಗೂ ಗೊತ್ತಾಗುತ್ತದೆ, ಅದಕ್ಕೆ ಹತ್ತೊಂಬತ್ತು ವರ್ಷ ಬೇಕಾಯಿತು.

ಗುಂಡಿಯ ಕಡೆ ತಿರುಗಿದೆ. ಮೂರು ಕುರ್ಚಿ ಆಚೆ.

"ನೀನು ಹೇಳು. ಕಾಣುತ್ತಾ ಇಲ್ಲವಾ?"

"ಕಾಣುತ್ತೆ. ಬೀದಿ ಬಾಗಿಲಿಂದಲೇ ಕಾಣುತ್ತೆ."

"ನಿನಗೆ ಯಾವಾಗ ಗೊತ್ತಾಯ್ತು?"

"ಹೊಲಿಯೋವಾಗಲೇ. ಕೈಗೆ ತಿಳಿಯಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹನ್ನೊಂದು ಕೋಟುಗಳ ಕಥೆ ಹೇಳ್ತಾ ಇದ್ರಿ ಮೇಡಂ. ಮಧ್ಯೆ ಬಾಯಿ ಹಾಕೋದು ಬೇಡ ಅಂತ."

ಯಾರೋ ಕೆಮ್ಮಿದರು. ಒಬ್ಬರು ನಕ್ಕೂ ಬಿಟ್ಟರು, ಆಮೇಲೆ ಅದನ್ನೂ ಕೆಮ್ಮು ಮಾಡಿಕೊಂಡರು. ನನ್ನ ಕಿವಿ ಬಿಸಿಯಾಯಿತು.

"ಆ ಕೋಟುಗಳ ಸುರುಳಿ ಯಾರು ತಿರುಗಿಸಿದ್ದು?" ಎಂದು ಕೇಳಿದೆ.

"ಇಸ್ತ್ರಿಯವನು. ಪಾಪ, ಹೊಸಬ. ಸತ್ತೂ ಹೋದ" ಎಂದಳು. ಆಮೇಲೆ, "ಆದರೂ ಸವರಿ ನೋಡಬೇಕಿತ್ತು ನಾನು" ಎಂದಳು.

"ನಾನೂ" ಎಂದೆ.

ಮಾತು ಕೊಟ್ಟಿದ್ದೆ. ಚೀಲದಿಂದ ಕತ್ತರಿ ತೆಗೆದು ಅವಳ ಮಡಿಲಲ್ಲಿಟ್ಟೆ, ಹಿಡಿ ಅವಳ ಕಡೆಗೆ. ನಾಟಕದ ಒಂಬತ್ತು ನಿಲುವಂಗಿ ಇನ್ನೂ ಕತ್ತರಿಸಬೇಕು. ಅದು ಅವಳು ಕತ್ತರಿಸಲಿ ಎಂದೆ. ಸಭೆಗೆ ಹೇಳಿದೆ, ಅವಳಿಗಲ್ಲ. ಅವಳಿಗೆ ನೇರವಾಗಿ ಹೇಳಲು ಆಗಲಿಲ್ಲ.

ಅವಳು ಕತ್ತರಿಯನ್ನು ತೂಗಿ ನೋಡಿದಳು. "ಭಾರ ಇದೆ" ಎಂದಳು.

"ಇದೆ."

ಅಷ್ಟೇ ಆಯಿತು. ಕೈ ಮುಗಿಯುವುದು, ಕಣ್ಣೀರು, ಅವೆಲ್ಲ ನಮ್ಮಿಬ್ಬರಿಗೂ ಬರುವುದಿಲ್ಲ.

ಮಾರ್ಚ್ 27

ಬಲಗಡೆಯ ಪರದೆ ಇಳಿಸಿ, ಮೇಲಿನ ಪಟ್ಟಿ, ಕೆಳಗಿನ ಮಡಿಕೆ ಬಿಚ್ಚಿ, ತಿರುಗಿಸಿ ಮತ್ತೆ ಹೊಲಿದೆವು. ಪರದೆಯನ್ನು ತಿರುಗಿಸಬಹುದು. ಕೋಟಿನ ತೋಳನ್ನು ತಿರುಗಿಸಲು ಬರುವುದಿಲ್ಲ. ಇದನ್ನು ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ನನಗೆ ಪರದೆಯ ತಲೆಗೆ ಉಂಗುರ ಹೊಲಿಯುವ ಕೆಲಸ. ಅರವತ್ತನಾಲ್ಕು ಉಂಗುರ. ಕೇಳಿ ತೆಗೆದುಕೊಂಡದ್ದು. ದಾರವನ್ನು ಸೂಜಿಗೆ ಮೊಮ್ಮಗಳು ಪೋಣಿಸಿ ಕೊಡುತ್ತಾಳೆ, ಇಪ್ಪತ್ತು ಸೂಜಿ ಒಮ್ಮೆಗೇ. ಉಳಿದದ್ದು ಬೆರಳಿಗೆ ಗೊತ್ತಿದೆ.

ಗುಂಡಿ ಒಂದೊಂದನ್ನೂ ಎಳೆದು ನೋಡಿದಳು. "ಇದು ಸಡಿಲ. ಇದೂ. ಗುಂಡಿ ಸಾಲಿನಲ್ಲಿ ಇದು ನಡೀತಿರಲಿಲ್ಲ ಮೇಡಂ." ಆರು ಬಿಚ್ಚಿಸಿದಳು. ಆರೂ ಸಡಿಲವೇ ಇದ್ದವು.

ಇಂದು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಉಂಗುರ ಎಳೆಯಲು ಕೈಗೆಟುಕಲಿ ಎಂದಿರಬೇಕು.

ಮಾರ್ಚ್ 30, ಭಾನುವಾರ

ನಿನ್ನೆ ನಾಟಕ ಆಯಿತು. ಮಾತು ಮರೆತರು, ನಿಲುವಂಗಿಗಳು ಮಾತ್ರ ನೇರ ನಿಂತಿದ್ದವು. ಪರದೆ ಬಂದು ಕೂಡಿದಾಗ ಮೊಮ್ಮಗಳನ್ನು ಕೇಳಿದೆ.

"ಒಂದೇ ಬಣ್ಣ ಅಜ್ಜಿ. ನಿಜವಾಗ್ಲೂ."

"ನಿಜವಾಗ್ಲೂ ಅಂದರೆ?"

"ಹೋದ ಸಲ ಸುಳ್ಳು ಹೇಳಿದ್ದೆ."

ಸೊಸೆ ಮುಖ ಆಚೆ ತಿರುಗಿಸಿದಳು. ಮನೆಗೆ ಬಂದು ನೋಟ್‌ಬುಕ್ಕಿನಿಂದ ಕಾರ್ಡು ತೆಗೆದು ಅವಳ ಕೈಗೆ ಕೊಟ್ಟೆ. "ಯಾವತ್ತು ಅಂತ ಕೇಳು" ಎಂದೆ. ಅವಳು ಫೋನ್ ಮಾಡುವ ಮೊದಲೇ ದಿನ ಹೇಳಿದಳು. ಆಗಲೇ ಬರೆಸಿಟ್ಟಿದ್ದಾಳೆ.

ಏಪ್ರಿಲ್ 1, ಮಂಗಳವಾರ. ಹನ್ನೊಂದೂ ಇಪ್ಪತ್ತು

ಕಣ್ಣಾಸ್ಪತ್ರೆ. ಉದ್ದ ಬೆಂಚು, ಸಾಲಾಗಿ ನಮ್ಮಂಥವರೇ. ಎಲ್ಲರೂ ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿ ಕೂತಿದ್ದಾರೆ. ಸೊಸೆ ರಜೆ ಹಾಕಿ ಬಂದಿದ್ದಾಳೆ, ಚೀಟಿ ಹಿಡಿದು ನಿಂತಿದ್ದಾಳೆ. ಎರಡು ಸಲ ಹನಿ ಹಾಕಿದರು. ಮೂರನೆಯದಕ್ಕೆ ಕೂಗುತ್ತಾರಂತೆ. ಅಕ್ಷರ ಹರಡುತ್ತಿದೆ, ಸಾಲು ಸೊಟ್ಟ ಹೋಗುತ್ತಿರಬಹುದು. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇವರ ಬಂದರಿನ ಚಿತ್ರ ನಿನ್ನೆ ಮುಗಿಯಿತು. ಮೇಜು ಖಾಲಿ. ಇವತ್ತು ಬೆಳಿಗ್ಗೆ ಎಷ್ಟೋ ದಿನದ ಮೇಲೆ ಅಲ್ಲಿ ಕೂತು ಕಾಫಿ ಕುಡಿದೆ. ಇನ್ನೊಂದು ಪೆಟ್ಟಿಗೆ ತರುತ್ತಾರಂತೆ, ಹಿಮದ ಬೆಟ್ಟ. ಪೂರ್ತಿ ಬಿಳಿ. ನನ್ನನ್ನು ಅಣಕಿಸಲೇ ತರುವುದು.

ಕತ್ತರಿ ಈಗ ಗುಂಡಿಯ ಮನೆಯಲ್ಲಿದೆ. ವಾಪಸ್ಸು ಕೇಳುವುದಿಲ್ಲ. ಕಣ್ಣು ಸರಿಯಾದರೂ ಕೇಳುವುದಿಲ್ಲ, ಅದು ಕಣ್ಣಿಗಾಗಿ ಕೊಟ್ಟದ್ದಲ್ಲ. ಒಂದು ಮಾತು ಮಾತ್ರ ಅವಳಿಗೆ ಹೇಳುವುದು ಬಿಟ್ಟುಹೋಯಿತು. ಅದರ ನಡುವಿನ ತಿರುಪು ಚಳಿಗೆ ಸಡಿಲವಾಗುತ್ತದೆ. ಪೂರ್ತಿ ಬಿಗಿ ಮಾಡಬಾರದು. ಅರ್ಧ ಸುತ್ತು ತಿರುಗಿಸಿ, ಗಾಳಿಯಲ್ಲಿ ಒಮ್ಮೆ ಆಡಿಸಿ, ಸದ್ದು ಕೇಳಬೇಕು, ಸದ್ದು ಸರಿಯಿದ್ದರೆ ಆಮೇಲೆ... ಕೂಗಿದರು, ಹೋಗಬೇಕು.